ಸೀರಿಯಸ್ಲಿ ಎಂಬ ಕ್ರಿಯಾವಿಶೇಷಣ

ಇಂಗ್ಲಿಷಿನ ‘ಸೀರಿಯಸ್ಲಿ’ ಎಂಬ ಶಬ್ದವನ್ನು ನಾನು ಈಗ ಬಳಸುವುದಿಲ್ಲ. ಬರೆಯಬೇಕಾಗಿ ಬಂದರೆ ವಾಕ್ಯವನ್ನೇ ಬದಲಿಸುತ್ತೇನೆ. ಯಾರಾದರೂ ನನ್ನೆದುರು ಹುಬ್ಬೇರಿಸಿ ಆ ಶಬ್ದವನ್ನು ಉಚ್ಚರಿಸಿದರೆ, ಅದು ಪ್ರಶ್ನೆಯೋ ಪರಿಹಾಸವೋ ಎಂದು ನಿರ್ಧರಿಸಲಾಗದೆ ಸ್ವಲ್ಪ ಹೊತ್ತು ಸುಮ್ಮನೆ ನಿಂತುಬಿಡುತ್ತೇನೆ. ಎದುರಿಗಿದ್ದವರು ನನ್ನನ್ನು ಮಂದಬುದ್ಧಿಯವಳೆಂದು ತಿಳಿಯುತ್ತಾರೆ. ತಿಳಿಯಲಿ. ಆ ಶಬ್ದವನ್ನು ತಪ್ಪಿಲ್ಲದಂತೆ ಬಳಸಲು ನಾನು ಬಹಳ ಕಷ್ಟಪಟ್ಟು ಕಲಿತೆ. ಕಲಿತದ್ದರ ಫಲವಾಗಿ, ನನ್ನ ಅಪ್ಪ ನನಗೆ ಹೇಳಬೇಕೆಂದು ಇಟ್ಟುಕೊಂಡಿದ್ದ ಮಾತೊಂದು ನನಗೆ ಸಿಗದೇ ಹೋಯಿತು. ಶಬ್ದಕೋಶದವರು ಆ ಶಬ್ದದ ಮುಂದೆ ಕೊಡುವ ಅರ್ಥಗಳಲ್ಲಿ ಇದು ಸೇರಿಲ್ಲ.

ಅಪ್ಪ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿದ್ದರು. ಗಾಡಿ ಯಾವ ಹಳಿಗೆ ಹೋಗಬೇಕೋ ಆ ಹಳಿಗೆ ತಿರುಗಿಸುವುದು, ಬಾವುಟ ಹಿಡಿಯುವುದು, ಬೋಗಿಗಳನ್ನು ಜೋಡಿಸುವುದು ಅವರ ಕೆಲಸ. ಯಾದಗಿರಿ ಕಡೆಯಿಂದ ಬಂದವರು. ನಾನು ಹುಟ್ಟಿ ಬೆಳೆದದ್ದು ಹೈದರಾಬಾದಿನ ಮಲ್ಕಾಜ್‌ಗಿರಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಮನೆಯೊಳಗೆ ಕನ್ನಡ, ನಲ್ಲಿಯ ಹತ್ತಿರ ತೆಲುಗು, ಯಾರ್ಡಿನಲ್ಲಿ ಹಿಂದಿ. ಈ ಬರಹದಲ್ಲಿ ಅಪ್ಪನನ್ನು ಬಹುವಚನದಲ್ಲಿ ಕರೆಯುತ್ತಿದ್ದೇನೆ. ಮನೆಯಲ್ಲಿ ಅವರಿಗೆ ‘ನೀ’ ಎನ್ನುತ್ತಿದ್ದೆ. ಆದರೆ ಬರೆಯಲು ಕುಳಿತ ಕೂಡಲೇ ಯಾರೋ ನನ್ನ ಹೆಗಲ ಮೇಲಿಂದ ನೋಡುತ್ತಿದ್ದಾರೆ, ಕೆಂಪು ಶಾಯಿಯ ಪೆನ್ನು ಅವರ ಕೈಯಲ್ಲಿದೆ ಎಂಬ ಭಾವನೆ ಬರುತ್ತದೆ. ಅದು ಇಂದಿಗೂ ಹೋಗಿಲ್ಲ.

ಆ ಭಯಕ್ಕೆ ಕಾರಣವಿದೆ. ಕಾಚಿಗುಡದ ಕಡೆ ಆಗ ಒಂದು ಕನ್ನಡ ಮಾಧ್ಯಮದ ಶಾಲೆ ಇತ್ತು. ಅಪ್ಪ ಹಟ ಹಿಡಿದು ನನ್ನನ್ನು ಅಲ್ಲಿಗೆ ಸೇರಿಸಿದರು. ಪ್ರತಿದಿನ ಲೋಕಲ್ ಗಾಡಿಯಲ್ಲಿ ಹೋಗಿ ಬರುತ್ತಿದ್ದೆ. ಮೊದಲ ಪ್ರಬಂಧದಲ್ಲಿ ‘ನಮ್ಮ ಮನಿ ಮಲ್ಕಾಜ್‌ಗಿರಿಯಾಗ ಐತಿ’ ಎಂದು ಬರೆದಿದ್ದೆ. ಮೇಷ್ಟರು ‘ಐತಿ’ಯ ಸುತ್ತ ವೃತ್ತ ಬರೆದು, ಇಡೀ ತರಗತಿಗೆ ಓದಿ ಹೇಳಿ, “ಇದು ಭಾಷೆಯಲ್ಲ, ಕೂಗಾಟ” ಎಂದರು. ಅಂದಿನಿಂದ ನಾನು ಬರೆಯುವ ಕನ್ನಡದಲ್ಲಿ ಎಲ್ಲವೂ ‘ಇದೆ’. ಮುಂದೆ ಇಂಗ್ಲಿಷ್ ಮಾಧ್ಯಮದ ಕಾಲೇಜಿಗೆ ಹೋದಾಗ ಇಂಗ್ಲಿಷಿನಲ್ಲಿಯೂ ಅದೇ ಭಯ ಮುಂದುವರಿಯಿತು. ನಮ್ಮ ಎರಡೂ ಕಡೆಯ ಬಳಗದಲ್ಲಿ ಪದವಿ ಪಡೆದ ಮೊದಲ ವ್ಯಕ್ತಿ ನಾನು. ಮೊದಲನೆಯವಳಾಗುವುದೆಂದರೆ ತಪ್ಪು ಮಾಡಿದಾಗ ತಿದ್ದಿ ಹೇಳುವವರು ಮನೆಯಲ್ಲಿ ಯಾರೂ ಇಲ್ಲದಿರುವುದು. ತಪ್ಪು ಹೊರಗೇ ಆಗಬೇಕು, ಹೊರಗಿನವರೇ ನಗಬೇಕು.

ಅಪ್ಪನಿಗೆ ಈ ಭಯ ಸ್ವಲ್ಪವೂ ಇರಲಿಲ್ಲ. ಅವರು ಮಾತಿನ ಮನುಷ್ಯ. ಮಾತೆಂದರೆ ಅವರಿಗೆ ತಮಾಷೆ. ಓದುತ್ತ ಕುಳಿತ ನನ್ನನ್ನು ನೋಡಿ “ಸೀರಿಯಸ್ ಬಾಯಿಯವರು ಊಟಕ್ಕ ಬರತಾರೋ, ಪುಸ್ತಕಾನ ತಿಂತಾರೋ?” ಎಂದು ಅವ್ವನನ್ನು ಕೇಳುತ್ತಿದ್ದರು. ಅವರಿಗೆ ಗೊತ್ತಿದ್ದ ಕೆಲವೇ ಇಂಗ್ಲಿಷ್ ಶಬ್ದಗಳಲ್ಲಿ ‘ಸೀರಿಯಸ್’ ಒಂದು. ಅದು ಬಂದದ್ದು ತಂತಿಯ ಮೂಲಕ. ಊರಿನಿಂದ ಬರುತ್ತಿದ್ದ ತಂತಿಗಳಲ್ಲಿ ಒಂದೇ ವಾಕ್ಯ: ‘ಫಾದರ್ ಸೀರಿಯಸ್ ಸ್ಟಾರ್ಟ್ ಇಮೀಡಿಯೆಟ್ಲಿ’. ಕ್ವಾರ್ಟರ್ಸಿನಲ್ಲಿ ಆ ಶಬ್ದ ಕೇಳಿದ ಕೂಡಲೇ ಹೆಂಗಸರು ಚೀಲ ತುಂಬಲು ತೊಡಗುತ್ತಿದ್ದರು. ಸೀರಿಯಸ್ ಎಂದರೆ ಹೋದಂತೆಯೇ. ಇನ್ನೂ ಹೋಗಿಲ್ಲ ಎಂಬುದೊಂದೇ ವ್ಯತ್ಯಾಸ.

ಪದವಿ ತರಗತಿಯಲ್ಲಿದ್ದಾಗ ನಾನು ಒಮ್ಮೆ ಇದನ್ನು ತಿದ್ದಲು ಹೋದೆ.

“ಅಪ್ಪಾ, ಫಾದರ್ ಸೀರಿಯಸ್ ಅಂತ ಬರಿಯೂದು ತಪ್ಪೈತಿ. ಹಂಗಂದ್ರ ಅವರು ನಗೂದಿಲ್ಲ, ಗಂಭೀರ ಮನಷ್ಯಾ ಅಂತ ಅರ್ಥ. ಸೀರಿಯಸ್ಲಿ ಇಲ್ ಅನಬೇಕು.”

“ತಾರಿನಾಗ ಒಂದೊಂದು ಶಬ್ದಕ್ಕ ರೊಕ್ಕ ಕೊಡಬೇಕವ್ವಾ,” ಎಂದರು ಅಪ್ಪ. “ಸಾಯೋ ಮುದುಕನ ಮ್ಯಾಲ ಯಾಂವ ಹೆಚ್ಚಿಗಿ ಶಬ್ದ ಖರ್ಚ ಮಾಡ್ತಾನ?”

ಆಮೇಲೆ ಅವರ ಮೆಚ್ಚಿನ ಕಥೆ ಹೇಳಿದರು. ರಜೆ ಸಿಗದಿದ್ದಾಗ ಯಾರ್ಡಿನವರು ಊರಿಗೆ ಹೇಳಿಕಳಿಸಿ ತಾವೇ ಇಂಥ ತಂತಿ ತರಿಸಿಕೊಳ್ಳುತ್ತಿದ್ದರಂತೆ. ಅಪ್ಪನೂ ಎರಡು ವರ್ಷ ಸಾಲಾಗಿ ತರಿಸಿದ್ದರು. ಎರಡನೆಯ ಸಲ ಸಾಹೇಬರು ತಂತಿ ನೋಡಿ, “ಕ್ಯಾ ರೇ, ತೇರಿ ಮಾ ಪಿಛ್ಲೇ ಸಾಲ್ ಭೀ ಸೀರಿಯಸ್ ಥೀ ನಾ?” ಎಂದರಂತೆ. ಅಪ್ಪ ಕೈಕಟ್ಟಿ, “ಹಾಂ ಸಾಬ್, ಅಬ್ ಔರ್ ಸೀರಿಯಸ್ ಹೈ” ಎಂದರಂತೆ. ಸಾಹೇಬರು ನಕ್ಕು ಸಹಿ ಹಾಕಿದರು. ಹೋದ ವರ್ಷವೂ ಸೀರಿಯಸ್ ಇದ್ದ ತಾಯಿ ಈ ವರ್ಷ ಇನ್ನೂ ಸೀರಿಯಸ್. ಅವರಿಬ್ಬರ ನಡುವೆ ಆ ಶಬ್ದಕ್ಕೆ ಏನರ್ಥ ಎಂಬುದು ಇಬ್ಬರಿಗೂ ತಿಳಿದಿತ್ತು. ಅಂಥ ತಿಳಿವಳಿಕೆಯನ್ನು ನಾನು ಅಜ್ಞಾನವೆಂದು ಕರೆದೆ. ನನ್ನ ಶಿಕ್ಷಣ ನನಗೆ ಕೊಟ್ಟ ಮೊದಲ ಬಹುಮಾನ ಅದು.

ಪದವಿಯ ನಂತರ ನನಗೆ ನಗರದ ಇನ್ನೊಂದು ತುದಿಯ ಕೊಂಡಾಪುರದಲ್ಲಿ ಕೆಲಸ ಸಿಕ್ಕಿತು. ಆಗ ಅಲ್ಲಿ ದಿನವೂ ಬಂಡೆ ಸಿಡಿಸುತ್ತಿದ್ದರು, ಸಿಡಿಸಿದ ಜಾಗದಲ್ಲಿ ಗಾಜಿನ ಕಟ್ಟಡ ಏಳುತ್ತಿತ್ತು. ಅವ್ವ ಕ್ವಾರ್ಟರ್ಸಿಗೆಲ್ಲ ‘ಸಾಫ್ಟ್‌ವೇರ್’ ಎಂದು ಹೇಳಿಕೊಂಡು ಬಂದಳು. ನಾನು ತಿದ್ದಲಿಲ್ಲ. ವಾಸ್ತವದಲ್ಲಿ ನನ್ನದು ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್: ಅಮೆರಿಕದ ವೈದ್ಯರು ರೋಗಿಯನ್ನು ನೋಡಿ ಬಂದು ಫೋನಿನಲ್ಲಿ ಹೇಳಿಟ್ಟ ಮಾತನ್ನು ಹೆಡ್‌ಫೋನಿನಲ್ಲಿ ಕೇಳುತ್ತ, ಪಾದದ ಕೆಳಗಿನ ಪೆಡಲಿನಿಂದ ನಿಲ್ಲಿಸುತ್ತ ಓಡಿಸುತ್ತ, ಟೈಪು ಮಾಡುವುದು. ನಾವು ಕಂಡರಿಯದ ಊರಿನ, ಕಂಡರಿಯದ ಮನುಷ್ಯರ ಮೂತ್ರಪಿಂಡ, ಶ್ವಾಸಕೋಶಗಳನ್ನು ಕಾಗುಣಿತ ತಪ್ಪದಂತೆ ಬರೆಯುತ್ತಿದ್ದೆವು. ಕೇಳಿಸದ ಶಬ್ದದ ಜಾಗ ಖಾಲಿ ಬಿಡಬೇಕು. ಖಾಲಿ ಹೆಚ್ಚಾದರೆ ಅಂಕ ಕಡಿಮೆ. ರೋಗಿಗಳ ವಿವರ ಹೊರಗೆ ಹೋಗಬಾರದೆಂದು ನಮ್ಮ ಮೊಬೈಲುಗಳನ್ನು ಬಾಗಿಲಲ್ಲೇ ಲಾಕರಿನಲ್ಲಿ ಇಡಿಸಿಕೊಳ್ಳುತ್ತಿದ್ದರು. ಪಾಳಿಯ ನಡುವೆ ಹೊರಗೆ ಹೋಗಬೇಕಾದರೆ ಎಡಿಟರ್ ಮೇಡಂಗೆ ಮೇಲ್ ಬರೆದು ಗೇಟ್ ಪಾಸ್ ಪಡೆಯಬೇಕು.

ಅಲ್ಲಿಯೇ ನನಗೆ ‘ಸೀರಿಯಸ್’ ಎಂಬುದಕ್ಕೆ ಅಮೆರಿಕದ ಅರ್ಥ ತಿಳಿದದ್ದು. ಅವರ ಆಸ್ಪತ್ರೆಗಳಲ್ಲಿ ರೋಗಿಯ ಸ್ಥಿತಿಗೆ ಶ್ರೇಣಿಗಳಿವೆ: ಗುಡ್, ಫೇರ್, ಸೀರಿಯಸ್, ಕ್ರಿಟಿಕಲ್. ಸೀರಿಯಸ್ ಎಂಬುದು ಕೊನೆಯದಲ್ಲ. ಅದರ ಮುಂದೆಯೂ ಒಂದು ಮೆಟ್ಟಿಲಿದೆ. ನಮ್ಮಲ್ಲಿ ಜನ ಚೀಲ ತುಂಬುವ ಹೊತ್ತಿಗೆ ಅವರಲ್ಲಿ ವೈದ್ಯರು ಕಾಫಿ ಕುಡಿಯಬಹುದು.

ಎಡಿಟರ್ ಮೇಡಂ ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಓದಿದವರು. ನಮ್ಮ ಫೈಲುಗಳನ್ನು ತಿದ್ದಿ ಅಂಕ ಕೊಡುವವರು ಅವರೇ. ಕೆಟ್ಟವರಲ್ಲ; ಇಂಗ್ಲಿಷ್ ಅವರಿಗೆ ಉಸಿರಾಟದಂತೆ ಬರುತ್ತಿತ್ತು, ಅಷ್ಟೇ. ಉಸಿರಾಡಲು ಲೆಕ್ಕ ಹಾಕುವವರು ಇರುತ್ತಾರೆಂಬುದು ಅಂಥವರಿಗೆ ತಿಳಿಯುವುದಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಯಾರಿಗೂ ಅರ್ಥವಾಗದ ವೈದ್ಯರೊಬ್ಬರ ಫೈಲನ್ನು ನಾನು ಒಂದೂ ಖಾಲಿ ಬಿಡದೆ ಮುಗಿಸಿ, ಹೋಗಿ ಹೇಳಿದೆ. ಮೇಡಂ ಹುಬ್ಬೇರಿಸಿದರು.

“ಸೀರಿಯಸ್ಲಿ?”

“ಯೆಸ್ ಮೇಡಂ, ಸೀರಿಯಸ್ಲಿ,” ಎಂದೆ. ಶ್ರದ್ಧೆಯಿಂದ ಮಾಡಿದೆಯಾ ಎಂದು ಕೇಳುತ್ತಿದ್ದಾರೆ ಎಂದುಕೊಂಡಿದ್ದೆ. ಕಾಲೇಜಿನಲ್ಲಿ ‘ಸ್ಟಡಿ ಸೀರಿಯಸ್ಲಿ’ ಎಂದು ನನಗೆ ಎಷ್ಟು ಬಾರಿ ಹೇಳಿದ್ದರೋ, ನಾನು ಯಾವಾಗಲೂ ಹಾಗೆಯೇ ಮಾಡಿದ್ದೆ.

ಸಾಲಿನಲ್ಲಿದ್ದವರೆಲ್ಲ ನಕ್ಕರು. ಮೇಡಂ ಕೂಡ. ಅಂದು ಸಂಜೆ ಕಂಪನಿಯ ವ್ಯಾನಿನಲ್ಲಿ ಹಿಂದಿನ ಸೀಟಿನಿಂದ ಯಾರೋ ನನ್ನದೇ ದನಿಯಲ್ಲಿ “ಯೆಸ್ ಮೇಡಂ, ಸೀರಿಯಸ್ಲಿ” ಎಂದರು. ಮರುದಿನ ಕ್ಯಾಂಟೀನಿನಲ್ಲಿ ಇನ್ನೊಬ್ಬರು. ಅದು ನನ್ನ ಹೆಸರಾಯಿತು. “ಇಡ್ಲಿ ಬೇಕಾ?” ಎಂದು ಕೇಳಿ, ನಾನು ಹೌದೆಂದರೆ, “ಸೀರಿಯಸ್ಲಿ?” ಎನ್ನುವುದು. ನಾನು ಸುಮ್ಮನಿದ್ದರೆ ಅದಕ್ಕೂ ನಗುವುದು.

ಪಕ್ಕದ ಕುರ್ಚಿಯಲ್ಲಿ ಮೈಸೂರಿನ ಹುಡುಗಿಯೊಬ್ಬಳಿದ್ದಳು. ಕನ್ನಡದವಳೆಂಬ ಒಂದೇ ಕಾರಣಕ್ಕೆ ನನ್ನ ಮೇಲೆ ಕನಿಕರ. ನನ್ನ ಕನ್ನಡ ಕೇಳಿ ಅವಳಿಗೂ ನಗು ಬರುತ್ತಿತ್ತು. ಆದರೆ ಬಾಯಿಗೆ ಕೈ ಅಡ್ಡ ಹಿಡಿಯುವ ಸೌಜನ್ಯವಿತ್ತು. ಒಂದು ದಿನ ಊಟದ ಹೊತ್ತಿನಲ್ಲಿ ನನ್ನನ್ನು ಕೂರಿಸಿಕೊಂಡಳು.

“ಅದು ಪ್ರಶ್ನೆ ಅಲ್ಲ ಕಣೇ. ನೀನು ಯಾಕೆ ಉತ್ತರ ಕೊಡೋಕೆ ಹೋಗ್ತೀಯ?”

“ಪ್ರಶ್ನೆ ಅಲ್ಲಂದ್ರ ಮತ್ಯಾಕ ಕೇಳತಾರ?”

“ಕೇಳಲ್ಲ. ಸುಮ್ನೆ ಅಂತಾರೆ. ‘ಹೌದಾ? ಬಿಡಮ್ಮ ಸಾಕು’ ಅಂತೀವಲ್ಲ, ಹಾಗೆ. ಮುಂದಿನ ಸಲ ಬಾಯಿ ಬಿಡಬೇಡ. ಹೀಗೆ ಒಂದು ನಗು ನಕ್ಕುಬಿಡು. ಹಲ್ಲು ಕಾಣಬಾರದು.” ತುಟಿ ತೆರೆಯದೆ, ಒಂದು ಕೆನ್ನೆಯಲ್ಲಿ ಮಾತ್ರ ನಗುವುದನ್ನು ಮಾಡಿ ತೋರಿಸಿದಳು.

“ಅಷ್ಟ?”

“ಅಷ್ಟೇ. ಆಮೇಲೆ ನಿನ್ನ ಕಡೆ ಯಾರೂ ನೋಡಲ್ಲ.”

ನಾನು ಆ ನಗೆಯನ್ನು ಕಂಪನಿಯ ಶೌಚಾಲಯದ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದೆ. ಮನೆಯಲ್ಲಿ ನಮ್ಮಲ್ಲಿದ್ದದ್ದು ಅಪ್ಪ ಗಡ್ಡ ಹೆರೆದುಕೊಳ್ಳುವ ಚಿಕ್ಕ ಕನ್ನಡಿ. ಅದರಲ್ಲಿ ಒಂದು ಕೆನ್ನೆ ಕಂಡರೆ ಇನ್ನೊಂದು ಕಾಣುತ್ತಿರಲಿಲ್ಲ. ಕೆಲವು ವಾರಗಳಲ್ಲಿ ಅದು ನನಗೆ ಚೆನ್ನಾಗಿ ಬಂತು. ಮೈಸೂರಿನವಳು ಹೇಳಿದ್ದು ನಿಜವಾಯಿತು. ಮೇಡಂ “ಸೀರಿಯಸ್ಲಿ?” ಎಂದರೆ ನಗುತ್ತಿದ್ದೆ, ಅವರು ಮುಂದಿನವರ ಕಡೆ ತಿರುಗುತ್ತಿದ್ದರು. ವ್ಯಾನಿನಲ್ಲಿ ನನ್ನ ದನಿ ಕೇಳಿಸುವುದು ನಿಂತಿತು. ನಾನು ಅವರಂತೆ ಆದೆನೆಂದು ಸಂತೋಷಪಟ್ಟೆ.

ಮನೆಯಲ್ಲಿ ಇದನ್ನೆಲ್ಲ ಹೇಳಿದಾಗ ಅಪ್ಪ ಬಹಳ ಹೊತ್ತು ನಕ್ಕರು. “ಅಂದ್ರ ನಂಬೂದಿಲ್ಲ ಅನ್ನಾಕ ಖರೇ ಅನ್ನೋ ಶಬ್ದ ಬಳಸ್ತಾರ? ಶಾಣ್ಯಾ ಮಂದಿ ಬಿಡು.” ಮರುದಿನದಿಂದ ಅವರೇ ಶುರು ಮಾಡಿದರು. ಅವ್ವ ಒಳಗಿನಿಂದ “ಎಣ್ಣಿ ತೀರೇತ್ರಿ” ಎಂದರೆ, ಹುಬ್ಬು ಹಣೆಯವರೆಗೆ ಏರಿಸಿ, “ಸೀರಿಯಸ್ಲಿ?”

“ಏನದು? ಬೈಯಾಕತ್ತೀರೇನು?” ಎನ್ನುತ್ತಿದ್ದಳು ಅವ್ವ.

“ಇಲ್ಲ, ಇಂಗ್ಲಿಷಿನ್ಯಾಗ ಎಣ್ಣಿ ತರತೀನಿ ಅಂದೆ.”

ಒಂದು ಜನವರಿಯಲ್ಲಿ, ಸಂಕ್ರಾಂತಿಗೆ ಕೆಲವೇ ದಿನಗಳಿದ್ದಾಗ, ಅಪ್ಪನ ಆರೋಗ್ಯ ಕೆಟ್ಟಿತು. ಆಂಧ್ರದ ದೊಡ್ಡ ಹಬ್ಬ ಅದು. ಆ ವಾರ ಪ್ರತಿವರ್ಷ ನಮ್ಮ ಕಚೇರಿಯ ಎಲ್ಲರ ಅಜ್ಜಿಯಂದಿರಿಗೂ ಒಟ್ಟಿಗೇ ಕಾಯಿಲೆ ಬರುತ್ತಿತ್ತು. ಮೇಡಂ ಅಂಥ ಮೇಲ್‌ಗಳನ್ನು ಗಟ್ಟಿಯಾಗಿ ಓದಿ ಹೇಳಿ ನಗಿಸುತ್ತಿದ್ದರು. ಅರ್ಧ ಕುರ್ಚಿಗಳು ಖಾಲಿ. ಮೈಸೂರಿನವಳೂ ಊರಿಗೆ ಹೋಗಿದ್ದಳು. ಉಳಿದವರ ಮೇಲೆ ಫೈಲುಗಳ ರಾಶಿ.

ಊಟದ ಹೊತ್ತಿಗೆ ಸ್ವಲ್ಪ ಮೊದಲು ರಿಸೆಪ್ಷನಿನ ಹುಡುಗಿ ನನ್ನ ಹತ್ತಿರ ಬಂದಳು. ನಮ್ಮ ಕ್ವಾರ್ಟರ್ಸಿನ ಪಕ್ಕದ ಮನೆಯವರು ಅವ್ವನ ಪರವಾಗಿ ಫೋನ್ ಮಾಡಿದ್ದರು.

“ಮೀ ನಾನ್ನಗಾರಿಕಿ ಸೀರಿಯಸ್‌ಗಾ ಉಂದಂಟ. ವೆಂಟನೇ ರೈಲ್ವೆ ಆಸ್ಪತ್ರಿಕಿ ರಮ್ಮನ್ನಾರು.”

ನಿಮ್ಮ ತಂದೆಗೆ ಸೀರಿಯಸ್ ಆಗಿದೆಯಂತೆ, ಕೂಡಲೇ ಬರಬೇಕಂತೆ. ತೆಲುಗಿನಲ್ಲಿ ಆ ಶಬ್ದಕ್ಕೆ ‘ಗಾ’ ಸೇರುತ್ತದೆ, ಕನ್ನಡದಲ್ಲಿ ‘ಆಗಿ’ ಸೇರುತ್ತದೆ. ನಮ್ಮವರು ಅದನ್ನು ಕ್ರಿಯಾವಿಶೇಷಣವಾಗಿಯೇ ಬಳಸುತ್ತಿದ್ದರು, ವ್ಯಾಕರಣ ಬಲ್ಲವರಿಗಿಂತ ಮೊದಲೇ. ಇದು ನನಗೆ ಹೊಳೆದದ್ದು ಬಹಳ ವರ್ಷಗಳ ನಂತರ. ಆಗ ನನಗೆ ಹೊಳೆದದ್ದು ಒಂದೇ: ಗೇಟ್ ಪಾಸ್. ಗೇಟ್ ಪಾಸಿಗೆ ಮೇಲ್.

‘ಮೈ ಫಾದರ್ ಈಸ್ ಸೀರಿಯಸ್’ ಎಂದು ಟೈಪು ಮಾಡಿ ನಿಲ್ಲಿಸಿದೆ. ಮೇಡಂ ಹಿಂದೆ ಇಂಥದ್ದೇ ಒಂದು ವಾಕ್ಯವನ್ನು ಓದಿ, “ಪಾಪ, ಅವರ ಅಪ್ಪ ನಗುವುದೇ ಇಲ್ಲವಂತೆ” ಎಂದದ್ದು ನೆನಪಿತ್ತು. ನನ್ನ ಅಪ್ಪನ ಬಗ್ಗೆ ಆ ಸಾಲಿನವರು ನಗುವುದು ನನಗೆ ಬೇಡವಾಗಿತ್ತು. ಅಳಿಸಿದೆ. ‘ಕ್ರಿಟಿಕಲ್’ ಎಂದು ಬರೆದೆ. ಆದರೆ ಅದು ಮುಂದಿನ ಮೆಟ್ಟಿಲು. ಕಣ್ಣಾರೆ ನೋಡದೆ ಹಾಗೆ ಬರೆಯುವುದು ಸುಳ್ಳಾಗುತ್ತದೆ. ಅಪಶಕುನವೂ ಆಗುತ್ತದೆ. ಅದನ್ನೂ ಅಳಿಸಿದೆ. ಕೊನೆಗೆ ಬರೆದದ್ದು: ‘ಐ ಹ್ಯಾವ್ ಜಸ್ಟ್ ಬೀನ್ ಇನ್‌ಫಾರ್ಮ್ಡ್ ದಟ್ ಮೈ ಫಾದರ್ ಈಸ್ ಸೀರಿಯಸ್ಲಿ ಇಲ್, ಅಂಡ್ ಐ ರಿಕ್ವೆಸ್ಟ್ ಯೂ ಟು ಪರ್ಮಿಟ್ ಮಿ ಟು ಲೀವ್ ಅರ್ಲಿ.’ ‘ಅಂಡ್’ ಹಿಂದೆ ಕಾಮಾ ಬೇಕೋ ಬೇಡವೋ ಎಂದು ಯೋಚಿಸಿ, ಹಾಕಿ, ಕಳಿಸಿದೆ.

ಮೇಡಂ ಕರೆದರು. ಪರದೆಯ ಮೇಲೆ ನನ್ನ ಮೇಲ್ ತೆರೆದಿತ್ತು. ಅವರು ಅದನ್ನೂ ನನ್ನನ್ನೂ ನೋಡಿದರು. ಹುಬ್ಬು ಮೇಲಕ್ಕೆ ಹೋಯಿತು.

“ಸೀರಿಯಸ್ಲಿ?”

ನನ್ನ ಮುಖ ತಾನಾಗಿಯೇ ಆ ನಗೆಯನ್ನು ನಕ್ಕಿತು. ತುಟಿ ತೆರೆಯದೆ, ಒಂದು ಕೆನ್ನೆಯಲ್ಲಿ, ಹಲ್ಲು ಕಾಣದಂತೆ. ಅದು ಪ್ರಶ್ನೆಯಲ್ಲ, ಉತ್ತರ ಕೊಡಬಾರದು ಎಂದು ನನಗೆ ಚೆನ್ನಾಗಿ ಕಲಿಸಲಾಗಿತ್ತು.

ಮೇಡಂ ಕೂಡ ನಕ್ಕರು. “ಫಿನಿಶ್ ಯುವರ್ ಬ್ಯಾಚ್ ಫಸ್ಟ್, ಬೇಟಾ. ಹಬ್ಬ ಎಲ್ಲಿಗೂ ಓಡಿಹೋಗುವುದಿಲ್ಲ,” ಎಂದು ಹಿಂದಿಯನ್ನು ಬೆರೆಸಿ ಹೇಳಿ, ಹೆಡ್‌ಫೋನನ್ನು ಕಿವಿಗೆ ಏರಿಸಿದರು.

ನಾನು “ಮೇಡಂ” ಎಂದೆ. ಅವರಿಗೆ ಕೇಳಿಸಲಿಲ್ಲ. ಅವರ ಹೆಗಲು ಮುಟ್ಟಿ ಕರೆಯಬಹುದಿತ್ತು ಎಂದು ಇಂದು ಯಾರಾದರೂ ಹೇಳಬಹುದು. ಅಲ್ಲಿ ಯಾರೂ ಯಾರ ಹೆಗಲನ್ನೂ ಮುಟ್ಟುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ನಂತರ ಮತ್ತೆ ಹೋದೆ. ಅವರು ಬೇರೊಂದು ಕರೆಯಲ್ಲಿದ್ದರು, ಗಾಜಿನ ಕೋಣೆಯೊಳಗಿನಿಂದ ಕೈ ಅಲ್ಲಾಡಿಸಿ ಆಮೇಲೆ ಎಂದರು. ಬಾಗಿಲಲ್ಲಿದ್ದ ಕಾವಲುಗಾರನ ಹತ್ತಿರ ಹೋದೆ. ಅವನು ಪಾಸ್ ಕೇಳಿದ. ಪಾಸಿಲ್ಲದೆ ಹೊರಗೆ ಹೋದವರ ಕೆಲಸ ಹೋಗುತ್ತದೆ ಎಂಬುದು ನನಗೂ ಅವನಿಗೂ ತಿಳಿದಿತ್ತು. ನಾನು ಇನ್ನೂ ಖಾಯಂ ಆಗಿರಲಿಲ್ಲ.

ಹಿಂತಿರುಗಿ ಬಂದು ಪೆಡಲಿನ ಮೇಲೆ ಪಾದವಿಟ್ಟೆ. ಆ ರಾಶಿಯಲ್ಲಿ ಒಬ್ಬ ವೃದ್ಧನ ಫೈಲು ಇತ್ತು. ವೈದ್ಯರ ದನಿ ಶಾಂತವಾಗಿತ್ತು. ಸ್ಥಿತಿ ಸೀರಿಯಸ್, ಆದರೆ ಸ್ಥಿರ, ಎಂದರು. ಮನೆಯವರು ಬೆಳಗಿನಿಂದ ಹಾಸಿಗೆಯ ಪಕ್ಕದಲ್ಲಿಯೇ ಇದ್ದಾರೆ, ಎಂದರು. ನಾನು ಪೆಡಲನ್ನು ಹಿಂದಕ್ಕೆ ಒತ್ತಿ ಅದನ್ನು ಇನ್ನೊಮ್ಮೆ ಕೇಳಿದೆ, ಸರಿಯಾಗಿ ಕೇಳಿಸಿದೆಯೇ ಎಂದು ಖಚಿತಪಡಿಸಿಕೊಳ್ಳಲು. ಸರಿಯಾಗಿಯೇ ಕೇಳಿಸಿತ್ತು. ಟೈಪು ಮಾಡಿದೆ. ಆ ದಿನದ ನನ್ನ ಕೆಲಸದಲ್ಲಿ ಒಂದು ತಪ್ಪೂ ಇರಲಿಲ್ಲವೆಂದು ಮುಂದಿನ ವಾರ ತಿಳಿಯಿತು. ಅಂಕಪಟ್ಟಿಯಲ್ಲಿ ನನ್ನ ಹೆಸರು ಎಲ್ಲರಿಗಿಂತ ಮೇಲಿತ್ತು.

ಆಸ್ಪತ್ರೆ ತಲುಪಿದಾಗ ಸಂಜೆಯಾಗಿತ್ತು. ಅವ್ವ ವರಾಂಡದ ಬೆಂಚಿನ ಮೇಲೆ ಕುಳಿತಿದ್ದಳು. ನನ್ನನ್ನು ನೋಡಿ ಏಳಲಿಲ್ಲ.

“ಮುಂಜಾನಿ ಬಾಯಿ ಸೊಟ್ಟ ಆತು. ಬಲಗೈ ಎತ್ತಾಕ ಬರಲಿಲ್ಲ. ಆದ್ರ ಮಾತು ಇತ್ತು. ಸ್ವಲ್ಪ ತೊದಲು, ಅಷ್ಟ. ನರ್ಸಮ್ಮನ ಕೂಡ ಚಾಷ್ಟಿ ಮಾಡಾಕತ್ತಿದ್ರು. ನಾಲ್ಕರತನಾ ಮಾತಾಡ್ಯಾರ.”

“ನನ್ನ ಕೇಳಿದನೇನು?”

“ಬಂದ್ಲೇನು, ಬಂದ್ಲೇನು ಅಂತ ಒಂದ ಸವನ. ಆಕಿಗೆ ಒಂದು ಮಾತು ಹೇಳೂದೈತಿ ಅಂದ್ರು. ನನಗರ ಹೇಳ್ರಿ, ನಾ ಆಕಿಗೆ ಹೇಳತೀನಿ ಅಂದೆ. ಇಲ್ಲ, ಆಕಿಗೇ ಹೇಳಬೇಕು ಅಂದ್ರು. ಆಮ್ಯಾಲ ಇನ್ನೊಂದು ಸಲ ಬಂತದು.” ಅವ್ವ ತನ್ನ ಸೆರಗಿನ ತುದಿ ನೋಡಿದಳು. “ಯಾಕಿಷ್ಟು ಹೊತ್ತು ಮಾಡಿದೆವ್ವಾ? ಸೀರಿಯಸ್ ಅಂತ ಹೇಳಿರಲಿಲ್ಲೇನು ಅವರು?”

“ಹೇಳಿದ್ರು,” ಎಂದೆ.

ಒಳಗೆ ಅಪ್ಪ ಎಚ್ಚರವಾಗಿದ್ದರು. ನನ್ನನ್ನು ಗುರುತಿಸಿದರು. ಎಡಗೈಯಿಂದ ನನ್ನ ಕೈ ಹಿಡಿದು, ಬಾಯಿ ತೆರೆದರು. ಬಂದದ್ದು ‘ತ’ ಎಂಬ ಅಕ್ಷರ, ಮತ್ತೆ ‘ತ’, ಮತ್ತೆ ‘ತ’. ಅವರೇ ಬೆಚ್ಚಿ ನಿಲ್ಲಿಸಿದರು. ಇದು ತಮ್ಮ ಬಾಯಿಂದ ಬಂದದ್ದೇ ಎಂದು ಕೇಳುವಂತೆ ನನ್ನನ್ನು ನೋಡಿದರು. ಮೆದುಳಿನಲ್ಲಿ ಮಾತಿನ ಭಾಗಕ್ಕೆ ರಕ್ತ ಹೋಗುವುದು ನಿಂತಿದೆ ಎಂದು ವೈದ್ಯರು ವಿವರಿಸಿದರು. ಆ ಸ್ಥಿತಿಯ ಇಂಗ್ಲಿಷ್ ಹೆಸರಿನ ಕಾಗುಣಿತ ನನಗೆ ತಿಳಿದಿತ್ತು. ಎಷ್ಟೋ ಬಾರಿ ಟೈಪು ಮಾಡಿದ್ದೆ.

ರಜೆ ಮುಗಿಸಿ ಹೋದಾಗ ಮೇಡಂ ನನ್ನನ್ನು ಗಾಜಿನ ಕೋಣೆಗೆ ಕರೆದು ಬಾಗಿಲು ಮುಚ್ಚಿದರು. ಅವರ ಕಣ್ಣು ಕೆಂಪಾಗಿತ್ತು. ನಟನೆಯಾಗಿರಲಿಲ್ಲ.

“ನೀನು ಯಾಕೆ ಹೇಳಲಿಲ್ಲ? ನಾನು ಕೇಳಿದೆನಲ್ಲ. ಸೀರಿಯಸ್ಲಿ ಅಂತ ಕೇಳಿದೆನಲ್ಲ.”

“ನೀವು ಕೇಳುತ್ತಿದ್ದೀರಿ ಎಂದು ನನಗೆ ತಿಳಿಯಲಿಲ್ಲ, ಮೇಡಂ.”

“ನೀನು ನಗುತ್ತಿದ್ದೆ. ಮತ್ತೆ ಆ ಮೇಲ್. ಅಷ್ಟು ನೀಟಾಗಿ ಬರೆದಿದ್ದೆ, ಕಾಮಾ ಸಹಿತ. ಗಾಬರಿಯಾದವರು ಯಾರಾದರೂ ಹಾಗೆ ಬರೆಯುತ್ತಾರಾ? ‘ಫಾದರ್ ಸೀರಿಯಸ್’ ಅಂತ ಅರ್ಧ ಸಾಲು ಬರೆದಿದ್ದರೆ ನಾನೇ ನಿನ್ನನ್ನು ಕಾರಿನಲ್ಲಿ ಕಳಿಸುತ್ತಿದ್ದೆ.”

ಅವರ ಮಾತು ನಿಜವೆಂದೇ ನನಗನ್ನಿಸಿತು. ನನ್ನನ್ನು ತಿದ್ದಿದವರೆಲ್ಲರಿಗೂ ಬೇಕಾಗಿದ್ದದ್ದು ಅದೇ ಎಂದು ತಿಳಿದು ನಾನು ಸರಿಯಾಗಿ ಬರೆದೆ. ಸರಿಯಾಗಿ ಬರೆಯುವುದು ಹುಟ್ಟಿನಿಂದ ಬಂದವರಿಗೆ ಮಾತ್ರ ಅದನ್ನು ಯಾವಾಗ ಬಿಡಬೇಕೆಂಬುದೂ ಹುಟ್ಟಿನಿಂದಲೇ ಬಂದಿರುತ್ತದೆ. ಅದನ್ನು ಯಾವ ಶಾಲೆಯಲ್ಲಿಯೂ ಹೇಳಿಕೊಡುವುದಿಲ್ಲ. ಮೇಡಂ ನನ್ನ ಭುಜದ ಮೇಲೆ ಕೈಯಿಟ್ಟರು. ಮುಂದಿನ ತಿಂಗಳು ನನ್ನ ಕೆಲಸ ಖಾಯಂ ಆಯಿತು. ಬಿಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅಪ್ಪ ಇನ್ನು ಬಾವುಟ ಹಿಡಿಯುವಂತಿರಲಿಲ್ಲ. ಮೈಸೂರಿನವಳು ಊರಿನಿಂದ ಬಂದು ಸುದ್ದಿ ಕೇಳಿ ಅತ್ತಳು. “ನಾನು ಹೇಳಿದ್ದು ಬೇರೆ ಸಂದರ್ಭಕ್ಕೆ ಕಣೇ,” ಎಂದಳು. ಸಂದರ್ಭವನ್ನು ಗುರುತಿಸುವುದು ಹೇಗೆಂದು ಅವಳೂ ಹೇಳಲಿಲ್ಲ.

ಅಪ್ಪ ಮತ್ತೆ ಕೆಲವು ವರ್ಷ ಬದುಕಿದರು. ಕ್ವಾರ್ಟರ್ಸ್ ಬಿಟ್ಟು ಅಲ್ಲಿಯೇ ಸಮೀಪದಲ್ಲಿ ಬಾಡಿಗೆ ಮನೆ ಹಿಡಿದೆವು. ಬಾಗಿಲ ಬಳಿ ಕುರ್ಚಿಯ ಮೇಲೆ, ಮಡಿಲಲ್ಲಿ ಬಲಗೈಯನ್ನು ಬೇರೆ ಯಾರದೋ ಎಂಬಂತೆ ಇಟ್ಟುಕೊಂಡು ಕೂರುತ್ತಿದ್ದರು. ಹಾದು ಹೋಗುವವರು ಮಾತನಾಡಿಸಿದರೆ ತಲೆಯಾಡಿಸುತ್ತಿದ್ದರು. ಮೊದಮೊದಲು ನಾನು ಅಕ್ಷರಮಾಲೆಯ ಹಲಗೆ ತಂದು ತೋರಿಸಿದೆ. ಅವರ ಬೆರಳು ಎಲ್ಲೆಲ್ಲೋ ಹೋಗುತ್ತಿತ್ತು. ಓದುವ ಶಕ್ತಿಯೂ ಮಾತಿನ ಜೊತೆಗೇ ಹೋಗಿತ್ತೆಂದು ಆಮೇಲೆ ತಿಳಿಯಿತು. ಬರೆಯಲು ಕೈ ಇರಲಿಲ್ಲ. ಉಳಿದದ್ದು ನಾನು ಕೇಳುವುದು, ಅವರು ಹೌದು ಅಥವಾ ಅಲ್ಲ ಎನ್ನುವುದು.

ಒಂದು ಭಾನುವಾರ ಅವ್ವ ಸಂತೆಗೆ ಹೋಗಿದ್ದಾಗ ಅವರ ಎದುರು ನೆಲದ ಮೇಲೆ ಕುಳಿತು ಕೇಳಿದೆ.

“ಅಪ್ಪಾ, ಆ ದಿನ ದವಾಖಾನ್ಯಾಗ ನನಗೇನೋ ಹೇಳೂದಿತ್ತಂತಲ್ಲ. ನನ್ನ ಮದುವಿ ಮಾತೇನು?”

ತಲೆಯಾಡಿಸಿದರು. ಹೌದು.

ನನ್ನ ಎದೆ ಹಗುರವಾಯಿತು. ಆದರೂ, ಖಚಿತಪಡಿಸಿಕೊಳ್ಳುವ ನನ್ನ ಹಾಳು ಅಭ್ಯಾಸ. “ಮದುವಿ ಮಾತಲ್ಲೇನು? ಅವ್ವನ್ನ ಛಲೋ ನೋಡಿಕೋ ಅಂತೇನು?”

ಹೌದು.

“ನೌಕರಿ ಬಿಡು ಅಂತೇನು?”

ಹೌದು.

“ನಾ ತಡಾ ಮಾಡಿದ್ದಕ್ಕ ಸಿಟ್ಟು ಬಂದಿತ್ತೇನು?”

ಹೌದು. ಮೊದಲಿನಷ್ಟೇ ಮೃದುವಾಗಿ, ನನ್ನನ್ನೇ ನೋಡುತ್ತ. ಅವರಿಗೆ ನಾನು ಕೇಳಿದ್ದು ಅರ್ಥವಾಗುತ್ತಿತ್ತೋ, ನಾನು ಕೇಳುತ್ತಿದ್ದೇನೆಂಬುದಷ್ಟೇ ಅರ್ಥವಾಗುತ್ತಿತ್ತೋ, ನನಗೆ ತಿಳಿಯುವ ದಾರಿಯಿರಲಿಲ್ಲ. ಹೊರಗೆ ಕಾಚಿಗುಡದ ಕಡೆಯಿಂದ ಬಂದ ಗಾಡಿಯೊಂದು ಹಾದುಹೋಯಿತು. ಅದು ಹೋಗಿ ಮುಗಿಯುವವರೆಗೆ ಕಾದೆ.

“ಹಂಗಾದ್ರ ಏನೂ ಇರಲಿಲ್ಲೇನು, ಅಪ್ಪಾ? ನಾ ಲಗೂ ಬರಲಿ ಅಂತ ಸುಮ್ಮನ ಅಂದಿದ್ದೇನು?”

ಅದಕ್ಕೂ ಅಪ್ಪ, ಉಳಿದವುಗಳಿಗೆ ಆಡಿಸಿದಷ್ಟೇ ನಿಧಾನವಾಗಿ, ಹೌದೆಂದು ತಲೆಯಾಡಿಸಿದರು.